ಸಿಟ್ಟು ಬಂದಾಗ ಪುಸ್ತಕ ತೆಗೆಯಬೇಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪುಟ್ಟ ಮಕ್ಕಳ ಸಿಟ್ಟು, ಅಳು, ಹೆದರಿಕೆ ಬಗ್ಗೆ ಇರುವ ಚಿತ್ರಪುಸ್ತಕಗಳ ಕುರಿತು ಹೋದ ಸಂಚಿಕೆಯಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಹೆಚ್ಚಿನವು ಮೈಸೂರು, ಮಂಡ್ಯ ಕಡೆಯವು. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ನಾಲ್ಕನ್ನು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಮೂರು ತಿಂಗಳ ಹಿಂದೆ ತಂಗಿ ಹುಟ್ಟಿದಳು, ಅಲ್ಲಿಂದ ಶುರು. ಕೈಗೆ ಸಿಕ್ಕಿದ್ದು ಎಸೆಯುತ್ತಾನೆ. ಯಾರೂ ನೋಡದಾಗ ಪಾಪೂನ ಚಿವುಟುತ್ತಾನೆ. ಯಾರೋ ಹೇಳಿದರು ಅಂತ ಭಾವನೆಗಳ ಬಗ್ಗೆ ಇರುವ ಒಂದು ಇಂಗ್ಲಿಷ್ ಚಿತ್ರಪುಸ್ತಕ ತಂದೆ. ಅವನು ಕೂಗಾಡುತ್ತಿದ್ದಾಗ ಅದನ್ನ ತೆಗೆದು, ‘ನೋಡು, ಈ ಹುಡುಗನಿಗೂ ನಿನ್ನ ಥರಾನೇ ಆಂಗ್ರಿ ಆಗಿದೆ, ಹೇಗೆ ಉಸಿರು ಎಳ್ಕೊಳ್ತಿದ್ದಾನೆ ನೋಡು’ ಅಂದೆ. ಪುಸ್ತಕ ಕಿತ್ತುಕೊಂಡು ಎಸೆದ. ದುಡ್ಡು ದಂಡ ಆಯ್ತಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದಂಡ ಆಗಿಲ್ಲ ಅಮ್ಮ. ತೆಗೆದ ಹೊತ್ತು ಸರಿ ಇರಲಿಲ್ಲ, ಅಷ್ಟೆ.

ಸಿಟ್ಟು ನೆತ್ತಿಗೇರಿದಾಗ ಮಗುವಿಗೆ ಏನೂ ಕೇಳಿಸಲ್ಲ. ಆಗ ಪುಸ್ತಕ ತೋರಿಸಿದರೆ ಅದೂ ಒಂದು ಬೈಗುಳದ ಹಾಗೇ ಇರುತ್ತೆ. ಆ ಹೊತ್ತಿಗೆ ಬೇಕಾದ್ದು ನೀವು. ಪಾಪುವಿನಿಂದ ಕೈ ಬಿಡಿಸಿ, ‘ಅವಳಿಗೆ ನೋವಾಗುತ್ತೆ, ಚಿವುಟೋಕೆ ಬಿಡಲ್ಲ’ ಅಂತ ಒಂದೇ ಮಾತು ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿ. ಪುಸ್ತಕಕ್ಕೆ ಬೇರೆ ಹೊತ್ತಿದೆ. ಹೊಟ್ಟೆ ತುಂಬಿ, ಸ್ನಾನ ಆಗಿ, ಪಾಪು ಮಲಗಿ, ನಿಮ್ಮ ಮಡಿಲು ಅವನೊಬ್ಬನಿಗೇ ಸಿಕ್ಕಿರುವ ಹೊತ್ತು. ಆಗ ಅವನು ಇನ್ನೊಬ್ಬ ಹುಡುಗನ ಸಿಟ್ಟನ್ನ ಆರಾಮಾಗಿ ನೋಡಬಹುದು, ಯಾಕೆಂದರೆ ಚಿತ್ರದ ಹುಡುಗ ತಪ್ಪು ಮಾಡಿದರೆ ಇವನಿಗೆ ಏಟು ಬೀಳಲ್ಲ.

ಇನ್ನೊಂದು ವಿಷಯ. ‘ಆಂಗ್ರಿ’ ಅಂದಿರಲ್ಲ, ನಿಮ್ಮ ಮಗನಿಗೆ ಬಂದಿರುವುದು ಅದಲ್ಲ ಅಂತ ನನಗೆ ಅನಿಸುತ್ತೆ. ಅದು ಮುನಿಸು. ಅಂಗಡಿಯವನ ಮೇಲೆ ನಮಗೆ ಸಿಟ್ಟು ಬರಬಹುದು, ಮುನಿಸು ಬರಲ್ಲ. ಮುನಿಸು ನಮ್ಮವರು ಅನ್ನಿಸಿಕೊಂಡವರ ಮೇಲೆ ಮಾತ್ರ ಬರುತ್ತೆ, ಅವರೇ ಬಂದು ಮಾತಾಡಿಸಲಿ ಅಂತ ಮೂಲೇಲಿ ಕೂತು ಕಾಯುತ್ತೆ. ಇಂಥ ಮಾತುಗಳು ನಮ್ಮ ಮನೆಗಳಲ್ಲಿ ಎಷ್ಟಿವೆ ನೋಡಿ: ದಿಗಿಲು, ಸಂಕಟ, ಅಳುಕು, ಕಸಿವಿಸಿ, ಹಿಗ್ಗು, ಪೆಚ್ಚಾಗುವುದು, ಸಪ್ಪಗಾಗುವುದು. ಇದನ್ನೆಲ್ಲ ಬಿಟ್ಟು ಮಕ್ಕಳಿಗೆ ‘ಹ್ಯಾಪಿ, ಸ್ಯಾಡ್, ಆಂಗ್ರಿ’ ಅಂತ ಮೂರೇ ಮಾತು ಕೊಟ್ಟರೆ ಹೇಗೆ? ಮೂರು ಬಣ್ಣ ಕೊಟ್ಟು ದಸರಾ ಮೆರವಣಿಗೆ ಬರಿ ಅಂದ ಹಾಗಾಗುತ್ತೆ.

ಶನಿವಾರ ಮಧ್ಯಾಹ್ನ ನಾನು ಏಳೆಂಟು ಮಕ್ಕಳಿಗೆ ಪುಸ್ತಕ ಓದುತ್ತೇನೆ. ಒಂದು ಪುಸ್ತಕದಲ್ಲಿ ಅಮ್ಮ ಪಾಪೂನ ಎತ್ತಿಕೊಂಡಿರುವ ಚಿತ್ರ ಇತ್ತು, ದೊಡ್ಡ ಮಗಳು ಬಾಗಿಲ ಹತ್ತಿರ ನಿಂತಿದ್ದಾಳೆ. ಆ ಪುಟದಲ್ಲಿ ಒಂದಕ್ಷರ ಇಲ್ಲ. ನಾನೂ ಸುಮ್ನೆ ಇದ್ದೆ. ಎಲ್ಲರೂ ‘ಅವಳಿಗೆ ಕೋಪ, ಕೋಪ’ ಅಂದರು. ಐದು ವರ್ಷದ ಒಬ್ಬಳು ಮಾತ್ರ ಚಿತ್ರದ ಹುಡುಗಿಯ ಪಾದದ ಮೇಲೆ ಬೆರಳಿಟ್ಟು, ‘ಕೋಪ ಅಲ್ಲ, ಕಾಯ್ತಾ ಇದ್ದಾಳೆ’ ಅಂದಳು. ಆಮೇಲೆ ನಾನು ಸರಿಯಾಗಿ ನೋಡಿದೆ. ಚಿತ್ರಗಾರರು ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ಬರೆದಿದ್ದರು, ತುಂಬ ಹೊತ್ತು ನಿಂತವರು ನಿಲ್ಲುತ್ತಾರಲ್ವಾ, ಹಾಗೆ. ಆ ಪುಸ್ತಕ ಹತ್ತು ಸಲ ಓದಿದ್ದೇನೆ, ಆ ಪಾದ ಕಂಡೇ ಇರಲಿಲ್ಲ. ಆ ಹುಡುಗಿಗೂ ಮನೆಯಲ್ಲಿ ಆರು ತಿಂಗಳ ತಮ್ಮ ಇದ್ದಾನೆ.

ಹಾಗಾಗಿ ‘ಇವನಿಗೆ ಏನಾಗಿದೆ, ಹೇಳು’ ಅಂತ ಪರೀಕ್ಷೆ ಮಾಡಬೇಡಿ. ನಗು ಮುಖವನ್ನ ಮಕ್ಕಳು ಎಲ್ಲಕ್ಕಿಂತ ಮೊದಲು ಗುರುತು ಹಿಡಿಯುತ್ತಾರೆ. ಅಳು, ಸಿಟ್ಟು ಆಮೇಲೆ. ಹೊಟ್ಟೆಕಿಚ್ಚು, ನಾಚಿಕೆ ಎಲ್ಲ ಇನ್ನೂ ತಡ. ಕೈ ಎಲ್ಲಿದೆ, ಕಣ್ಣು ಯಾರ ಕಡೆ ಇದೆ, ಅಂತ ಒಟ್ಟಿಗೆ ನೋಡಿ. ಮಾತು ತಾನಾಗಿ ಬರುತ್ತೆ.

ಹೆಸರಿಟ್ಟರೆ ಏನು ಲಾಭ ಅಂತ ನಿಮ್ಮ ಮನೆಯವರು ಕೇಳಬಹುದು. 2007ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್ಮನ್ ಮತ್ತು ಜೊತೆಗಾರರು ಒಂದು ಪರೀಕ್ಷೆ ಪ್ರಕಟಿಸಿದರು. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಮುಖದ ಭಾವನೆಗೆ ಹೆಸರು ಹೇಳಿದಾಗ, ಅಪಾಯ ಅಂತ ಎಚ್ಚರಿಸುವ ಅಮಿಗ್ಡಲಾ ಅನ್ನೋ ಭಾಗದ ಚಟುವಟಿಕೆ ಕಮ್ಮಿಯಾಯಿತು. ಅದು ದೊಡ್ಡವರ ಮೇಲೆ ಮಾಡಿದ್ದು, ನಾಲ್ಕು ವರ್ಷದವರ ಮೇಲೆ ಅಲ್ಲ. ಆದರೂ ‘ಅಯ್ಯೋ, ಮುನಿಸಾ ಕಂದ?’ ಅಂತ ಅಜ್ಜಿ ಕೇಳಿದಾಗ ಅಳು ಇಳಿಯುವುದನ್ನ ನಾವೆಲ್ಲ ನೋಡಿದ್ದೇವೆ.

ಕೊನೇ ಪುಟದಲ್ಲಿ ನೀತಿ ಹೇಳುವ ಪುಸ್ತಕ ಜಾಸ್ತಿ ತರಬೇಡಿ. 1963ರಲ್ಲಿ ಮಾರಿಸ್ ಸೆಂಡಾಕ್ ಬರೆದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ನೋಡಿ. ತುಂಟಾಟ ಮಾಡಿದ ಹುಡುಗನನ್ನ ಊಟ ಕೊಡದೆ ಕೋಣೆಗೆ ಕಳಿಸುತ್ತಾರೆ. ಅವನು ಮನಸ್ಸಲ್ಲೇ ರಾಕ್ಷಸರ ನಾಡಿಗೆ ಹೋಗಿ ಅಲ್ಲಿ ರಾಜನಾಗಿ ಕುಣಿಯುತ್ತಾನೆ. ಕುಣಿತದ ಆರು ಪುಟದಲ್ಲಿ ಮಾತೇ ಇಲ್ಲ, ಬರೀ ಚಿತ್ರ. ವಾಪಸ್ ಬಂದರೆ ಕೋಣೆಯಲ್ಲಿ ಊಟ ಕಾಯ್ತಾ ಇರುತ್ತೆ, ಇನ್ನೂ ಬಿಸಿ ಇರುತ್ತೆ. ಯಾರೂ ‘ಇನ್ನು ಮೇಲೆ ಹೀಗೆ ಮಾಡಬೇಡ’ ಅನ್ನಲ್ಲ. ಆ ಬಿಸಿ ಊಟವೇ ನಿಮ್ಮ ಮಗನಿಗೆ ಬೇಕಾಗಿರುವುದು.

ಇಷ್ಟೆಲ್ಲ ಮಾಡಿದ ಮೇಲೂ ವಾರಗಟ್ಟಲೆ ಊಟ, ನಿದ್ದೆ ಕೆಟ್ಟರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಪುಣ್ಯಕೋಟಿ ಕಥೆಯ ಚಿತ್ರಪುಸ್ತಕ ತಂದಿದ್ದೇವೆ. ಹಸು ಕರುವನ್ನ ಬಿಟ್ಟು ಹೊರಡುವ ಪುಟಕ್ಕೆ ಬಂದರೆ ಮಗಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆದರೆ ದಿನಾ ಅದನ್ನೇ ಓದು ಅಂತಾಳೆ. ಬಚ್ಚಿಡಲಾ? — ಓದುಗರು, ನಂಜನಗೂಡು

ಉತ್ತರ: ಬಚ್ಚಿಡಬೇಡಿ. ಅವಳೇ ಕೇಳುತ್ತಿದ್ದಾಳೆ ಅಂದಮೇಲೆ ಅವಳಿಗೆ ಆ ಅಳು ಬೇಕಾಗಿದೆ. ಅಮ್ಮ ವಾಪಸ್ ಬರುತ್ತಾಳೆ ಅಂತ ಗೊತ್ತಿದ್ದೂ ಅಳುತ್ತಾಳಲ್ವಾ, ಅಮ್ಮ ಹೋಗುವ ಭಯವನ್ನ ನಿಮ್ಮ ಮಡಿಲಲ್ಲಿ ಕೂತೇ ಮುಟ್ಟಿ ನೋಡುತ್ತಿದ್ದಾಳೆ. ಕಣ್ಣೊರೆಸಿ, ‘ಅಳಬೇಡ’ ಅನ್ನಬೇಡಿ. ಹುಲಿ ಪ್ರಾಣ ಬಿಡುವ ಪುಟ ಬೇಡ ಅಂದರೆ ದಾಟಿಸಿ, ಯಾವತ್ತೋ ಒಂದು ದಿನ ಅವಳೇ ತೆಗೆದು ನೋಡುತ್ತಾಳೆ.

ಪ್ರಶ್ನೆ: ಮಗನಿಗೆ ಮೂರು ತುಂಬಿತು. ಮೂರು ನಾಲ್ಕು ಮಾತು ಬಿಟ್ಟರೆ ಬೇರೆ ಬರಲ್ಲ. ಬೇಕಾದ್ದು ಹೇಳೋಕಾಗದೆ ರಚ್ಚೆ ಹಿಡಿಯುತ್ತಾನೆ. ಭಾವನೆಯ ಪುಸ್ತಕ ಓದಿಸಿದರೆ ಮಾತು ಬರುತ್ತಾ? — ಓದುಗರು, ಶ್ರೀರಂಗಪಟ್ಟಣ

ಉತ್ತರ: ಪುಸ್ತಕ ಓದಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ‘ಗಂಡು ಮಕ್ಕಳಿಗೆ ಮಾತು ತಡ’ ಅಂತ ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮೂರಿನ ಪಕ್ಕದಲ್ಲೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಜನ ಆಯಿಷ್ ಅಂತಾರೆ. 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮಾತಿನ ಪರೀಕ್ಷೆ ಮಾಡಿಸಿ. ಈ ವಾರವೇ ಹೋಗಿ ಬನ್ನಿ. ಅಲ್ಲಿಯವರೆಗೆ ಪುಸ್ತಕದಲ್ಲಿ ಅವನು ಬೆರಳಿಟ್ಟು ತೋರಿಸಿದರೂ ಅದನ್ನ ಮಾತು ಅಂತಲೇ ಲೆಕ್ಕಕ್ಕೆ ತಗೊಳ್ಳಿ.

ಪ್ರಶ್ನೆ: ಮಗ, ಸೊಸೆ ಬೆಂಗಳೂರಲ್ಲಿ ಕೆಲಸ. ಮೂರು ವರ್ಷದ ಮೊಮ್ಮಗ ನಮ್ಮ ಹತ್ತಿರ ಇದ್ದಾನೆ. ಅವರು ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ರೈಲಿಗೆ ಹೋಗುತ್ತಾರೆ. ಭಾನುವಾರ ಮಧ್ಯಾಹ್ನದ ಊಟ ಆಗುತ್ತಿದ್ದ ಹಾಗೇ ಮಗು ಸಪ್ಪಗಾಗಿ ಅವರಪ್ಪನ ಚಪ್ಪಲಿ ಬಚ್ಚಿಡುತ್ತಾನೆ. ಸೊಸೆ ಪುಸ್ತಕ ತಂದುಕೊಟ್ಟಿದ್ದಾಳೆ, ಎಲ್ಲ ಇಂಗ್ಲಿಷು. ನನಗೆ ಅಷ್ಟು ಬರಲ್ಲ. ಕನ್ನಡದ್ದು ಎಲ್ಲಿ ಸಿಗುತ್ತೆ? — ಓದುಗರು, ಮಂಡ್ಯ

ಉತ್ತರ: ಯಜಮಾನರೇ, ಚಪ್ಪಲಿ ಬಚ್ಚಿಡುವ ನಿಮ್ಮ ಮೊಮ್ಮಗನನ್ನ ನೆನೆಸಿಕೊಂಡು ಎರಡು ದಿನದಿಂದ ನನ್ನ ಕೆಲಸ ಸಾಗಿಲ್ಲ.

ಕನ್ನಡದ್ದು ಸಿಗುತ್ತೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಮ್ಮಿ ಬೆಲೆಗೆ ಮಕ್ಕಳ ಪುಸ್ತಕ ತರುತ್ತೆ. ಅವರದೇ ಸ್ಟೋರಿವೀವರ್ ಅಂತ ಒಂದು ತಾಣ 2015ರಿಂದ ಇದೆ. ಅದರಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನ ದುಡ್ಡು ಕೊಡದೆ ಫೋನಲ್ಲೇ ಓದಬಹುದು, ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಬಹುದು. ಪ್ರಿಂಟ್ ಹಾಕಿಸಿ ಅಂತಲೇ ನಾನು ಹೇಳುವುದು, ಮಗುವಿಗೆ ಪುಟ ತಿರುಗಿಸೋಕೆ ಬೇಕು. ಚೆನ್ನೈನ ತೂಲಿಕಾದವರು ಒಂದೇ ಪುಟದಲ್ಲಿ ಇಂಗ್ಲಿಷ್, ಕನ್ನಡ ಎರಡೂ ಇರುವ ಪುಸ್ತಕ ತರುತ್ತಾರೆ, ನೀವು ಕನ್ನಡ ಓದಿ, ಸೊಸೆ ಬಂದಾಗ ಇಂಗ್ಲಿಷ್ ಓದಲಿ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್‌ನ ಪುಸ್ತಕಗಳನ್ನೂ ಕೇಳಿ ನೋಡಿ.

ಆದರೆ ಮನೆಯಲ್ಲಿರುವ ಇಂಗ್ಲಿಷ್ ಪುಸ್ತಕ ಯಾಕೆ ಸುಮ್ನೆ ಇಡುತ್ತೀರಿ? ಅಕ್ಷರ ಬಿಡಿ, ಚಿತ್ರ ನೋಡಿ ನಿಮ್ಮ ಮಂಡ್ಯದ ಮಾತಲ್ಲೇ ಹೇಳಿ. 1988ರಲ್ಲಿ ಅಮೆರಿಕದ ಸಂಶೋಧಕ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು, ಎರಡೂವರೆ ವರ್ಷದ ಮಕ್ಕಳ ಮನೆಯವರಿಗೆ ಒಂದು ತಿಂಗಳು ಹೀಗೇ ಮಾಡಿಸಿದ್ದರು. ದೊಡ್ಡವರು ಗಡಗಡ ಓದುವುದಲ್ಲ, ಮಗುವಿಗೆ ಪ್ರಶ್ನೆ ಕೇಳುವುದು, ಮಗು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸಿ ಹೇಳುವುದು. ಸುಮ್ನೆ ಓದಿಸಿಕೊಂಡ ಮಕ್ಕಳಿಗಿಂತ ಆ ಮಕ್ಕಳ ಮಾತು ಮುಂದಿತ್ತು. ಇದಕ್ಕೆ ಇಂಗ್ಲಿಷ್ ಏನೂ ಬೇಕಾಗಿಲ್ಲ.

ಇನ್ನು ಭಾನುವಾರದ್ದು. ಅದಕ್ಕೆ ಅಂಗಡಿ ಪುಸ್ತಕಕ್ಕಿಂತ ನೀವೇ ಮಾಡಿದ ಪುಸ್ತಕ ಚೆನ್ನಾಗಿ ಕೆಲಸ ಮಾಡುತ್ತೆ. ನಾಲ್ಕು ದಪ್ಪ ಹಾಳೆ ಮಡಿಚಿ, ಮಧ್ಯೆ ದಾರ ಹಾಕಿ ಹೊಲಿಯಿರಿ. ಮಗನಿಗೆ ಹೇಳಿ ಫೋನಲ್ಲಿ ಫೋಟೋ ತೆಗೆಸಿ: ಬ್ಯಾಗಿಗೆ ಬಟ್ಟೆ ತುಂಬುವುದು, ಮಂಡ್ಯ ಸ್ಟೇಷನ್ನು, ರೈಲಿನ ಕಿಟಕಿ, ಬೆಂಗಳೂರಲ್ಲಿ ಅವರಪ್ಪ ಮಲಗುವ ಮಂಚ. ಮಗು ಕಣ್ಣಿಗೆ ಕಾಣದ ಐದು ದಿನ ಅಪ್ಪ ಎಲ್ಲಿರುತ್ತಾನೆ ಅಂತ ಅವನಿಗೆ ಗೊತ್ತಾಗಬೇಕು, ಗೊತ್ತಿಲ್ಲದ್ದೇ ದಿಗಿಲು. ತಾತ, ಮೊಮ್ಮಗ ಬುಧವಾರ ಏನು ಮಾಡುತ್ತೀರಿ ಅನ್ನುವುದಕ್ಕೂ ಒಂದು ಪುಟ ಇರಲಿ. ಬಾಗಿಲ ಹತ್ತಿರ ಚಪ್ಪಲಿ ಇಲ್ಲದ ಜಾಗದ ಫೋಟೋನೂ ಹಾಕಿ, ಆ ಪುಟ ಬಿಡಬೇಡಿ. ಅಲ್ಲಿ ಅವನೇನು ಹೇಳುತ್ತಾನೋ ಕೇಳಿಸಿಕೊಂಡು ಅವನ ಮಾತಲ್ಲೇ ಕೆಳಗೆ ಬರೆಯಿರಿ. ಕೊನೇ ಪುಟಕ್ಕೆ ಶುಕ್ರವಾರ ರಾತ್ರಿ ತೆಗೆದ ಫೋಟೋ: ಅದೇ ಬಾಗಿಲು, ಅದೇ ಜಾಗ, ಅಪ್ಪನ ಚಪ್ಪಲಿ, ಪಕ್ಕದಲ್ಲಿ ಅವನದೂ.