ಓದುಗರ ಪ್ರಶ್ನೆ: ಮೂರು ಗಂಟೆಯ ಡ್ರಾ, ಸೊಸೈಟಿಯಲ್ಲಿ ಮಗಳ ಬಳೆ

ಪ್ರಶ್ನೆ: ನನ್ನ ಗಂಡ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಆಟೋ ಓಡಿಸುತ್ತಾರೆ. ಕುಡಿಯುವುದಿಲ್ಲ, ಬೀಡಿಯೂ ಇಲ್ಲ. ಮೊದಲು ದಿನಕ್ಕೊಂದು ಲಾಟರಿ ಟಿಕೆಟ್ ತೆಗೆಯುತ್ತಿದ್ದರು. ಈಗ ಆರು ತೆಗೆಯುತ್ತಾರೆ, ಡ್ರಾದಲ್ಲಿ ಬರುವ ಕೊನೆಯ ಮೂರು ನಂಬರಿಗೆ ಹಣ ಕಟ್ಟಿ ಬರೆಸುವುದೂ ಉಂಟಂತೆ. ಮಗಳ ಬಳೆ ಸೊಸೈಟಿಯಲ್ಲಿ ಅಡವಿಟ್ಟದ್ದು ಮೊನ್ನೆ ಗೊತ್ತಾಯಿತು. ಕೇಳಿದರೆ ‘ನಿನ್ನೆ ಒಂದೇ ನಂಬರಿಗೆ ತಪ್ಪಿತು, ಇನ್ನು ಬಾರದೆ ಎಲ್ಲಿಗೆ ಹೋಗುತ್ತದೆ’ ಎನ್ನುತ್ತಾರೆ. ಸರಕಾರವೇ ಮಾರುವುದಲ್ಲವಾ ಎಂದೂ ಕೇಳುತ್ತಾರೆ. ಇದು ಚಟವಾ, ನನ್ನ ಸಂಶಯವಾ?

ಸಂಶಯ ಅಲ್ಲ ತಂಗೀ. ಮೂವತ್ತೊಂದು ವರ್ಷ ನಾನು ಚಿನ್ನದ ಅಡವಿನ ಕೌಂಟರಿನಲ್ಲಿ ಕೂತವಳು. ಆಸ್ಪತ್ರೆಗೆ, ಮದುವೆಗೆ, ಅಡಿಕೆಗೆ ಮದ್ದು ಬಿಡಲು ಬಂದವರು ‘ಇಷ್ಟು ಬೇಕಿತ್ತು’ ಎಂದು ಮೊತ್ತ ಹೇಳಿಕೊಂಡೇ ಬರುತ್ತಾರೆ. ಆಟಕ್ಕೆ ಬಂದವರು ಕೇಳುವುದು ‘ಇದಕ್ಕೆ ಎಷ್ಟು ಸಿಕ್ಕೀತು?’ ಎಂದು. ಅಡವಿಟ್ಟದ್ದನ್ನು ಬಿಡಿಸುವ ದಿನದ ಬಗ್ಗೆ ಅವರಲ್ಲಿ ಮಾತೇ ಇರುವುದಿಲ್ಲ.

ಸರಕಾರ ಮಾರುವುದು ನಿಜ. ಕೇರಳ ಲಾಟರಿಯ ಮೊದಲ ಡ್ರಾ ಆದದ್ದು 1968ರ ಜನವರಿ 26ಕ್ಕೆ. ಆಗ ಟಿಕೆಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ಈಗ ದಿನಾ ಮಧ್ಯಾಹ್ನ ಡ್ರಾ, ಟಿಕೆಟಿಗೆ 50 ರೂಪಾಯಿ. ಆದರೆ ನಂಬರ್ ಬರೆಸುವುದು ಸರಕಾರದ್ದಲ್ಲ, ಕಾನೂನಿಗೆ ವಿರುದ್ಧವಾದ ದಂಧೆ. ಮೂರು ಅಂಕೆಯೆಂದರೆ ಸಾವಿರದಲ್ಲಿ ಒಂದು ಅವಕಾಶ. ನನಗೆ ಹೆಚ್ಚು ಭಯ ಬೇರೆಯದಕ್ಕೆ: ಟಿಕೆಟಿಗೆ ಕೈಯಲ್ಲಿ ದುಡ್ಡು ಬೇಕು, ಬರೆಯುವವನು ಸಾಲಕ್ಕೂ ಬರೆದುಕೊಳ್ಳುತ್ತಾನೆ. ನಿಮ್ಮವರು ಅಲ್ಲಿ ಕೊಡಲಿಕ್ಕೆ ಎಷ್ಟು ಬಾಕಿ ಎಂದು ಮೊದಲು ಕೇಳಿ.

ಇನ್ನು ‘ಒಂದೇ ನಂಬರಿಗೆ ತಪ್ಪಿತು’ ಎಂಬ ಮಾತು. ಇದನ್ನು ಅವರ ಜೊತೆ ಕೂತು ಲೆಕ್ಕ ಹಾಕಿ. ಸಣ್ಣ ಬಹುಮಾನಗಳು ಹೋಗುವುದು ಕೊನೆಯ ನಾಲ್ಕು ಅಂಕೆಗೆ. 0000ದಿಂದ 9999ರವರೆಗೆ ಒಟ್ಟು 10,000 ಸಂಖ್ಯೆ. ಬಹುಮಾನ ಬಂದ ಒಂದು ಸಂಖ್ಯೆಗೆ ಒಂದೇ ಅಂಕೆಯಲ್ಲಿ ತಪ್ಪುವ ಸಂಖ್ಯೆಗಳು 36 ಇರುತ್ತವೆ. ದಿನಕ್ಕೆ ನೂರು ಸಂಖ್ಯೆ ಎತ್ತಿದರು ಎಂದಿಟ್ಟುಕೊಂಡರೆ, ಹತ್ತು ಟಿಕೆಟಿನಲ್ಲಿ ಸುಮಾರು ಮೂರು ‘ಒಂದೇ ಅಂಕೆಗೆ ತಪ್ಪಿದವು’. ದಿನಾ ಆರು ತೆಗೆಯುವವರಿಗೆ ಹೆಚ್ಚುಕಡಿಮೆ ದಿನಾ ಹಾಗೆಯೇ ಕಾಣಬೇಕು. ಅದೃಷ್ಟ ಹತ್ತಿರ ಬಂದದ್ದಲ್ಲ ಅದು. ನಿನ್ನೆ ಎತ್ತಿದ ನಂಬರಿಗೂ ಇವತ್ತಿನದಕ್ಕೂ ಸಂಬಂಧವೂ ಇಲ್ಲ.

ಎಷ್ಟು ಹಣ ಹೋಯಿತು ಎಂಬುದಕ್ಕಿಂತ ಎರಡು ವಿಷಯ ನೋಡಿ: ಹೋದದ್ದನ್ನು ಹಿಡಿಯಲು ಮತ್ತೆ ಹಾಕುತ್ತಾರಾ, ನಿಮ್ಮಿಂದ ಅಡಗಿಸುತ್ತಾರಾ. ನಿಮ್ಮ ಪತ್ರದಲ್ಲಿ ಎರಡೂ ಉಂಟು. ಒಂದು ದಿನ ಆಡದಿದ್ದರೆ ಸಿಡುಕು, ಊಟ ಬೇಡ, ನಿದ್ದೆ ಇಲ್ಲ ಎಂಬುದೂ ಇದ್ದರೆ ತಡ ಮಾಡಬೇಡಿ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಜೂಜಿನ ಚಟಕ್ಕೂ ಜಾಗ ಉಂಟು, ಕುಡಿತದ ಚಟ ಇರುವ ಗುಂಪಿನಲ್ಲಿಯೇ. ಬೈದು, ದೇವರ ಮೇಲೆ ಆಣೆ ಹಾಕಿಸಿ ಬಿಡಿಸುವುದಕ್ಕೆ ಹೋಗಬೇಡಿ. ಆಣೆ ಮುರಿದ ಮೇಲೆ ಮನುಷ್ಯ ಇನ್ನಷ್ಟು ಅಡಗಿಸುತ್ತಾನೆ.

ನಿಮ್ಮ ಕೈಯಲ್ಲಿ ಉಳಿದ ಚಿನ್ನವನ್ನೂ ಕೊಟ್ಟು ಅವರ ಸಾಲ ತೀರಿಸಬೇಡಿ. ಇದನ್ನು ನಾನು ಪುಸ್ತಕ ಓದಿ ಹೇಳುವುದಲ್ಲ. ನನ್ನ ತಮ್ಮನ ಸಾಲವನ್ನು ನಾನು ಎರಡು ಸಲ ತೀರಿಸಿದೆ. ಎರಡನೆಯ ಸಲದ ದುಡ್ಡು ಸಾಲಗಾರನ ಕೈಗೆ ಸೇರಲೇ ಇಲ್ಲ, ಆಯನದ (ಜಾತ್ರೆಯ) ಗದ್ದೆಯ ಆಚೆ ನಡೆದ ಕೋಳಿ ಅಂಕಕ್ಕೂ ಉಳಾಯಿ-ಪಿದಾಯಿ ಎಂಬ ಇಸ್ಪೀಟಿನ ಜೂಜಿಗೂ ಹೋಯಿತು. ಪ್ರೀತಿಯಿಂದ ಕೊಟ್ಟದ್ದೇ ಅವನಿಗೆ ಮುಂದಿನ ಆಟದ ಬಂಡವಾಳವಾಯಿತು. ಅವನು ನಿಲ್ಲಿಸಿದ್ದು ಮೂರನೆಯ ಸಲ ನಾನು ‘ದುಡ್ಡಿಲ್ಲ, ಡಾಕ್ಟರ ಹತ್ತಿರ ಜೊತೆಗೆ ಬರುತ್ತೇನೆ’ ಎಂದ ಮೇಲೆ. ಅದೂ ಒಂದೇ ದಿನದಲ್ಲಿ ಅಲ್ಲ, ನಡುವೆ ಎರಡು ಸಲ ಜಾರಿದ.

ಮಾತಾಡುವುದಾದರೆ ಬೆಳಿಗ್ಗೆ ಚಾ ಕುಡಿಯುವಾಗ ಮಾತಾಡಿ, ಡ್ರಾದ ಹೊತ್ತಿಗೆ ಬೇಡ. ಇರುವ ಸಾಲವನ್ನೆಲ್ಲ ಒಂದೇ ಕಾಗದದಲ್ಲಿ ಅವರ ಕೈಯಿಂದಲೇ ಬರೆಸಿ. ದಿನದ ಬಾಡಿಗೆ ಹಣ ಸಂಜೆ ನಿಮ್ಮ ಕೈಗೆ ಬರಲಿ, ಡೀಸೆಲಿನದ್ದು ಬೆಳಿಗ್ಗೆ ನೀವು ಕೊಡಿ. ಟಿಕೆಟ್ ಮಾರುವ ಮೇಜಿನ ಎದುರೇ ಆಟೋ ನಿಲ್ಲಿಸುವುದಾದರೆ ಕೆಲವು ತಿಂಗಳು ಜಾಗ ಬದಲಿಸಲಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಖರ್ಚಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲಿಯೂ ಮಾತಾಡಬಹುದು. ನಿಮ್ಮವರು ಒಪ್ಪದಿದ್ದರೆ ಮೊದಲು ನೀವೇ ಮಾಡಿ. ‘ನಾನಿಲ್ಲದಿದ್ದರೆ ನಿಮಗೆ ಸುಖ’ ಎಂಬಂಥ ಮಾತು ಅವರ ಬಾಯಿಯಲ್ಲಿ ಬಂದರೆ ಅದನ್ನು ಸಿಟ್ಟಿನ ಮಾತೆಂದು ಬಿಡಬೇಡಿ. ಒಬ್ಬರೇ ಇರಲು ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಉಪ್ಪಳದಿಂದ ಮಂಗಳೂರಿಗೆ ರೈಲಿನಲ್ಲಿ ಕಾಲೇಜಿಗೆ ಹೋಗುವವನು. ಕ್ರಿಕೆಟಿಗೆ ಹಣ ಹಾಕುತ್ತಿದ್ದ ಆಪ್ 2025ರಲ್ಲಿ ನಿಂತಿತು. ಗೆಳೆಯ ಟೆಲಿಗ್ರಾಮಿನಲ್ಲಿ ಬೇರೆ ಲಿಂಕ್ ಕೊಟ್ಟ. ಅದರಲ್ಲಿ ನನ್ನ 18,000 ಗೆದ್ದದ್ದು ಕಾಣುತ್ತಿದೆ. ತೆಗೆಯಲು ಮೊದಲು 5,000 ಕಟ್ಟಬೇಕಂತೆ. ಮನೆಯಲ್ಲಿ ಹೇಳಿಲ್ಲ.

ಒಂದು ರೂಪಾಯಿಯೂ ಕಟ್ಟಬೇಡ ಮಗಾ. ಕಾಣುವ 18,000 ಪರದೆಯ ಮೇಲಿನ ಅಂಕೆ ಮಾತ್ರ. ನೀನು ಕಟ್ಟುವ 5,000 ನಿಜವಾದ ಹಣ. ಈಗಾಗಲೇ ಹಣ ಹಾಕಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇವತ್ತೇ ಹೇಳು, ಮೆಸೇಜುಗಳನ್ನು ಅಳಿಸಬೇಡ. ಪೊಲೀಸರು ನಿನ್ನನ್ನೇ ಹಿಡಿಯುತ್ತಾರೆಂಬ ಹೆದರಿಕೆ ಇದ್ದರೆ ಕೇಳು: 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನು ಶಿಕ್ಷೆ ಇಟ್ಟಿರುವುದು ಹಣದ ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ. ಆಡಿ ಕಳಕೊಂಡವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಮನೆಯಲ್ಲಿ ಅಮ್ಮನಿಗೆ ಹೇಳಲಾಗದಿದ್ದರೆ ಅಜ್ಜಿಗಾದರೂ ಹೇಳು. ಒಬ್ಬರಿಗೆ ಗೊತ್ತಾದ ಮೇಲೆ ರಾತ್ರಿ ಫೋನ್ ಹಿಡಿಯುವ ಕೈ ಸ್ವಲ್ಪ ಹಿಂಜರಿಯುತ್ತದೆ.

ಪ್ರಶ್ನೆ: ಮುಳ್ಳೇರಿಯದ ಕುಟುಂಬಶ್ರೀ ಮಹಿಳಾ ಸಂಘದ ನಾವು ಐದು ಮಂದಿ ನೂರು ನೂರು ಹಾಕಿ ವರ್ಷಕ್ಕೊಂದು ಓಣಂ ಬಂಪರ್ ತೆಗೆಯುತ್ತೇವೆ. ತಪ್ಪಾ?

ಇಲ್ಲ. ಆ ನೂರು ಹೋಯಿತೆಂದೇ ಎಣಿಸಿ ಕೊಡುತ್ತೀರಿ, ಗಂಡನಿಗೂ ಗೊತ್ತು, ಬಾರದಿದ್ದರೆ ಇನ್ನೊಂದು ತೆಗೆಯುವುದಿಲ್ಲ. ಆಟಕ್ಕೆ ಹೀಗೆ ಬೇಲಿ ಇದ್ದರೆ ಸಾಕು. ಸಂಘದ ಸಾಲದ ಹಣದಿಂದ ಮಾತ್ರ ಬೇಡ. ಟಿಕೆಟ್ ಯಾರ ಹತ್ತಿರ ಉಂಟು, ಪಾಲು ಯಾರದ್ದೆಲ್ಲ ಎಂದು ಒಂದು ಕಾಗದದಲ್ಲಿ ಬರೆದು ಐವರೂ ಸಹಿ ಹಾಕಿ, ಟಿಕೆಟಿನ ಫೋಟೋ ಎಲ್ಲರ ಫೋನಿನಲ್ಲಿಯೂ ಇರಲಿ. ಡ್ರಾ ಆಗಿ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು.