ಮತ್ತೆ ಬರುತ್ತೇನೆ ಎಂದು ಮಾತು ಕೊಟ್ಟು ಬಂದವರು

(ಗುರುತು ಸಿಗದಂತೆ ಹೆಸರು, ಊರು, ಕೆಲಸದ ವಿವರ ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರನ್ನು ಪ್ರಮೀಳಾ ಎಂದು ಕರೆಯೋಣ. ವಯಸ್ಸು 26, ಮಂಗಳೂರಿನಲ್ಲಿ ಸ್ಟಾಫ್ ನರ್ಸ್, ಮನೆ ಉಡುಪಿ ಕಡೆ. ಇಗರ್ಜಿಯ ಯುವಜನರು ಹನ್ನೆರಡು ಮಂದಿ ಸೇರಿ ಕಾಠ್ಮಂಡುವಿಗೆ ಸೇವಾ ಪ್ರವಾಸ ಹೋಗಿ, ಅಲ್ಲಿನ ಒಂದು ಅನಾಥಾಲಯದಲ್ಲಿ ಹತ್ತು ದಿನ ಇದ್ದು ಬಂದಿದ್ದರು. ಇವರೂ ಅದರಲ್ಲಿ ಒಬ್ಬರು. ನಾಲ್ಕು ತಿಂಗಳ ನಂತರ ತಾಯಿಯ ಒತ್ತಾಯಕ್ಕೆ ಆಪ್ತಸಲಹೆಗೆಂದು ನಮ್ಮಲ್ಲಿಗೆ ಬಂದರು. ರಾತ್ರಿ ನಿದ್ದೆ ಇಲ್ಲ. ಮಕ್ಕಳ ವಾರ್ಡಿಗೆ ಡ್ಯೂಟಿ ಹಾಕಿದರೆ ಬೇಡವೆಂದು ಬೇಡಿಕೊಳ್ಳುತ್ತಾರೆ. ಮನೆಯಲ್ಲಿ ಮದುವೆಯ ಮಾತೆತ್ತಿದರೆ ಅಳು. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 11 ಅಂಕ ಬಂತು, ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಸಾಯುವ ಯೋಚನೆ ಬರುತ್ತದೆಯೇ ಎಂಬ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಹಾಗಾಗಿ ಔಷಧಿಗೆ ಅವಸರ ಮಾಡಲಿಲ್ಲ. ಎರಡು ವಾರಕ್ಕೊಮ್ಮೆ ಅದೇ ಪ್ರಶ್ನಾವಳಿ ತುಂಬಿಸುವುದು, ಅಂಕ ಏರಿದರೆ ಮನೋವೈದ್ಯರ ಬಳಿ ಕಳುಹಿಸುವುದು ಎಂದು ಮೊದಲೇ ಒಪ್ಪಂದ ಮಾಡಿಕೊಂಡೆವು.

ಅವರ ಮನಸ್ಸನ್ನು ಹಿಡಿದಿದ್ದವಳು ಒಂಬತ್ತು ವರ್ಷದ ಒಬ್ಬ ಹುಡುಗಿ. ಹೋದ ದಿನವೇ ಕೈ ಹಿಡಿದವಳು ಹತ್ತು ದಿನವೂ ಬಿಡಲಿಲ್ಲ. ಹೊರಡುವಾಗ ‘ಮತ್ತೆ ಬರುತ್ತೇನೆ’ ಎಂದು ಇವರು ಮಾತು ಕೊಟ್ಟರು. ಅಲ್ಲಿಂದ ಪ್ರತಿ ಭಾನುವಾರ ಮ್ಯಾನೇಜರರ ಫೋನಿನಿಂದ ಅವಳ ಧ್ವನಿ ಸಂದೇಶ, ಬೆನ್ನಿಗೇ ಶಾಲೆಯ ಫೀಸಿನ ನೆನಪು. ತಿಂಗಳಿಗೆ 5,000 ರೂಪಾಯಿ, ಅಂದರೆ ನೇಪಾಳದ 8,000, ಮ್ಯಾನೇಜರರ ಸ್ವಂತ ಖಾತೆಗೆ ಹೋಗುತ್ತಿತ್ತು. ಮುಂದಿನ ರಜೆಗೆ ಮತ್ತೆ ಹೋಗಿ ಅವಳನ್ನು ದತ್ತು ಪಡೆಯುವುದು ಅವರ ಯೋಚನೆ. ಅಷ್ಟರಲ್ಲಿ ಯುವಜನರ ಮುಂದಿನ ತಂಡಕ್ಕೆ ಇವರೇ ನಾಯಕಿ ಆಗಬೇಕೆಂದು ಇಗರ್ಜಿಯಿಂದ ಕೇಳಿಕೆಯೂ ಬಂದಿತ್ತು.

‘ಅವಳು ನನ್ನನ್ನು ಬಿಟ್ಟು ಒಂದು ಗಳಿಗೆ ಇರುತ್ತಿರಲಿಲ್ಲ ಮೇಡಂ, ಕೊನೆಗೆ ನಾನೇ ಬಿಟ್ಟು ಬಂದೆ.’ ಈ ಮಾತಿನಲ್ಲಿ ಪ್ರೀತಿಯೂ ತಪ್ಪಿತಸ್ಥ ಭಾವವೂ ಗಂಟು ಬಿದ್ದಿದ್ದವು. ಮೊದಲು ಬಿಡಿಸಬೇಕಾದದ್ದು ಈ ಗಂಟು. ‘ನೀವು ಹೋಗಲೇಬಾರದಿತ್ತು’ ಎಂದು ಇಂಥವರಿಗೆ ಯಾರೂ ಹೇಳಬಾರದು. ಹೇಳಿದರೆ ಅವರು ಸಲಹೆಗಾರರನ್ನು ಬಿಟ್ಟು ನೇರ ಮ್ಯಾನೇಜರರ ಫೋನಿಗೇ ಮರಳುತ್ತಾರೆ.

ಬಂದ ಗಳಿಗೆಯಲ್ಲೇ ಅಪರಿಚಿತರನ್ನು ತಬ್ಬಿಕೊಳ್ಳುವ ಮಗು ಪ್ರೀತಿ ಹೆಚ್ಚಾಗಿ ಹಾಗೆ ಮಾಡುವುದಲ್ಲ. ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಮೊದಲು ಅಮ್ಮನ ಸೆರಗಿನ ಹಿಂದೆ ನಿಲ್ಲುತ್ತದೆ. ನೋಡಿಕೊಳ್ಳುವವರು ಪಾಳಿಯಂತೆ ಬದಲಾಗುವ ಸಂಸ್ಥೆಯಲ್ಲಿ ಬೆಳೆದ ಮಗುವಿಗೆ ಆ ಹಿಂಜರಿಕೆ ಕಲಿಯಲು ಒಬ್ಬ ಸ್ಥಿರ ವ್ಯಕ್ತಿ ಸಿಕ್ಕಿರುವುದಿಲ್ಲ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ರಲ್ಲಿ ಶುರುವಾದ ಅಧ್ಯಯನ ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕುಕುಟುಂಬಗಳಿಗೆ ಕಳುಹಿಸಿ, ಹಾಗೆ ಕಳುಹಿಸದ ಇನ್ನೊಂದು ಗುಂಪಿನ ಜೊತೆ ಹೋಲಿಸಿ ವರ್ಷಗಟ್ಟಲೆ ನೋಡಿತು. ಕುಟುಂಬಕ್ಕೆ ಹೋದವರು ಬಾಂಧವ್ಯದಲ್ಲೂ ಬುದ್ಧಿಶಕ್ತಿಯಲ್ಲೂ ಮುಂದೆ ಬಂದರು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಪ್ರಯೋಜನ ಹೆಚ್ಚು. ಪ್ರಮೀಳಾ ನರ್ಸ್, ಇದನ್ನು ಬೇಗ ಹಿಡಿದುಕೊಂಡರು. ಹತ್ತು ದಿನಕ್ಕೊಂದು ತಂಡ ಬಂದು ಹೋದರೆ ಆ ಹುಡುಗಿ ವರ್ಷಕ್ಕೆ ಎಷ್ಟು ಬಾರಿ ಬೀಳ್ಕೊಡುಗೆ ಕೊಡಬೇಕು ಎಂದು ಅವರೇ ಲೆಕ್ಕ ಹಾಕಿ ಸುಮ್ಮನಾದರು.

ಅವರ ಅಳು ಕರಗತೊಡಗಿದ ಮೇಲೆಯೇ ಆ ಸಂಸ್ಥೆಯ ವಿಷಯ ತೆಗೆದೆವು. ನೀವು ಅಲ್ಲಿ ಕಂಡದ್ದನ್ನು ರೋಗಿಯ ಕೇಸ್ ಶೀಟ್ ಬರೆದ ಹಾಗೆ ಬರೆಯಿರಿ, ಅಭಿಪ್ರಾಯ ಬೇಡ ಎಂದೆವು. ಅವರು ಬರೆದು ತಂದದ್ದು: ಗುರುತಿನ ಚೀಟಿ, ಪೊಲೀಸ್ ಕ್ಲಿಯರೆನ್ಸ್ ಯಾರೂ ಕೇಳಲಿಲ್ಲ. ತಲುಪಿದ ಗಂಟೆಯೊಳಗೆ ಮಕ್ಕಳಿಂದ ಡ್ಯಾನ್ಸ್. ಮಲಗುವ ಕೋಣೆಗೆ ಗಂಡು ಹೆಣ್ಣು ಎನ್ನದೆ ಎಲ್ಲ ಅತಿಥಿಗಳಿಗೂ ಪ್ರವೇಶ. ನಾವು ಕೊಟ್ಟ ಶಾಲಾ ಬ್ಯಾಗುಗಳನ್ನು ಇಡಲು ಕಪಾಟು ತೆಗೆದಾಗ ಹಿಂದಿನ ತಂಡ ಕೊಟ್ಟ ಬ್ಯಾಗುಗಳು ಪ್ಲಾಸ್ಟಿಕ್ ಸುತ್ತಿದಂತೆಯೇ ಇದ್ದವು. ಮಕ್ಕಳ ಹೆಗಲಲ್ಲಿ ಹರಿದ ಹಳೆಯವು.

ಈ ನಾಲ್ಕು ಸಾಲುಗಳಿಗೆ ನಾವು ಸೇರಿಸಬೇಕಾದದ್ದು ಹೆಚ್ಚಿರಲಿಲ್ಲ. ನೇಪಾಳದಲ್ಲಿ 1996ರಿಂದ 2006ರವರೆಗೆ ಮಾವೋವಾದಿ ಸಂಘರ್ಷ ನಡೆಯಿತು. ಆಗ ಹುಮ್ಲಾದಂಥ ದೂರದ ಗುಡ್ಡಗಾಡಿನ ತಂದೆತಾಯಿಗಳಿಗೆ ‘ಓದಿಸುತ್ತೇವೆ’ ಎಂದು ಹೇಳಿ ದುಡ್ಡು ತೆಗೆದುಕೊಂಡು ದಲ್ಲಾಳಿಗಳು ಮಕ್ಕಳನ್ನು ಕಾಠ್ಮಂಡುವಿಗೆ ತಂದರು. ಕೆಲವರಿಗೆ ತಂದೆತಾಯಿ ಸತ್ತಿದ್ದಾರೆಂಬ ಸುಳ್ಳು ದಾಖಲೆಯೂ ತಯಾರಾಯಿತು. ಇಂದಿಗೂ ಅಲ್ಲಿನ ಮಕ್ಕಳ ಮನೆಗಳು ಬಹುಪಾಲು ಇರುವುದು ಪ್ರವಾಸಿಗರು ಹೋಗುವ ಜಿಲ್ಲೆಗಳಲ್ಲಿ, ಮಕ್ಕಳು ಹುಟ್ಟಿದ ಊರುಗಳಲ್ಲಲ್ಲ. ಅತಿಥಿಗಳು ದೇಣಿಗೆ ತರುತ್ತಾರೆ, ದೇಣಿಗೆ ಬರಬೇಕಾದರೆ ಮಕ್ಕಳು ಇರಬೇಕು, ಮಕ್ಕಳು ಸಾಲದಿದ್ದರೆ ತರಿಸಿಕೊಳ್ಳುತ್ತಾರೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯ ಪ್ರವಾಸದ ಹಾನಿಯನ್ನು ಹೆಸರಿಸಿಯೇ ಹೇಳಿತು. ನೇಪಾಳದ 2018ರ ಮಕ್ಕಳ ಕಾಯ್ದೆಯಲ್ಲೂ ಮಕ್ಕಳ ಮನೆ ಕೊನೆಯ ಆಯ್ಕೆ. ಅದಕ್ಕೆ ಮೊದಲು ನೆಂಟರು, ಸಾಕುಕುಟುಂಬ.

ಹಣದ ವಿಷಯದಲ್ಲಿ ‘ನಾಳೆಯಿಂದಲೇ ನಿಲ್ಲಿಸಿ’ ಎಂದು ನಾವು ಹೇಳಲಿಲ್ಲ. ಫೀಸು ನಿಜವೇ ಆಗಿದ್ದರೆ ಪೆಟ್ಟು ಬೀಳುವುದು ಮಗುವಿಗೆ. ನೇಪಾಳದ ಶಾಲಾ ವರ್ಷ ಬೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿನಲ್ಲಿ ಶುರುವಾಗಿ ಚೈತ್ರಕ್ಕೆ ಮುಗಿಯುತ್ತದೆ. ಆದ್ದರಿಂದ ಚೈತ್ರದವರೆಗೆ ಮಾತ್ರ, ಶಾಲೆಯ ಬಿಲ್ ನೋಡಿ, ಶಾಲೆಯ ಖಾತೆಗೇ ಕಟ್ಟುವುದು ಎಂದು ತೀರ್ಮಾನಿಸಿದೆವು. ಮ್ಯಾನೇಜರರಿಗೆ ಕಳುಹಿಸಬೇಕಾದ ಸಂದೇಶವನ್ನು ಕೂತು ಬರೆಸಿದೆವು: ಶಾಲೆಯ ಹೆಸರು, ತರಗತಿ, ಬಿಲ್ಲಿನ ಫೋಟೋ ಕಳುಹಿಸಿ, ಇನ್ನು ಮುಂದೆ ನಿಮ್ಮ ಖಾತೆಗೆ ಹಣ ಬರುವುದಿಲ್ಲ. ಕ್ಷಮೆ, ವಿವರಣೆ ಏನೂ ಬೇಡ.

ಇದಕ್ಕೆ ಉತ್ತರವಾಗಿ ಬಿಲ್ ಬರಲಿಲ್ಲ, ಮಗು ಅಳುವ ಧ್ವನಿ ಸಂದೇಶ ಬಂತು. ಹೀಗಾಗಬಹುದೆಂದು ಮೊದಲೇ ಎಚ್ಚರಿಸಿದ್ದರಿಂದ ಪ್ರಮೀಳಾ ಆ ರಾತ್ರಿ ಹಣ ಹಾಕಲಿಲ್ಲ. ಹಾಕಿದ್ದರೆ ಅತ್ತರೆ ಹಣ ಬರುತ್ತದೆ ಎಂಬ ಪಾಠ ಆ ಮಗುವಿನಿಂದಲೇ ಮಾಡಿಸಿದಂತಾಗುತ್ತಿತ್ತು. ನಂತರದ ಹೆಜ್ಜೆ ದೂರು. ಅಲ್ಲಿ ಮಕ್ಕಳ ಮನೆಗಳ ಮೇಲ್ವಿಚಾರಣೆ ನೋಡುವುದು ರಾಷ್ಟ್ರೀಯ ಬಾಲ ಅಧಿಕಾರ ಪರಿಷತ್ತು. ನೇಪಾಳದ ಮಕ್ಕಳ ಸಹಾಯವಾಣಿಯೂ ನಮ್ಮದರ ಹಾಗೆ 1098. ಕಂಡದ್ದು, ದಿನಾಂಕ, ಹಣ ಕಳುಹಿಸಿದ ಸ್ಕ್ರೀನ್‌ಶಾಟ್ ಇಷ್ಟೇ ಇರುವ ಒಂದು ಪುಟದ ಪತ್ರವನ್ನು ಪರಿಷತ್ತಿಗೆ ಇಮೇಲ್ ಮಾಡಿಸಿದೆವು. ಮಗುವಿನ ಕುಟುಂಬ ಹುಡುಕಿಸಬೇಕು ಎಂಬ ಕೋರಿಕೆ ಅದರ ಕೊನೆಯ ಸಾಲು. ‘ಮಗುವನ್ನು ಅಲ್ಲಿಂದ ಬಿಡಿಸಿ’ ಎಂದು ಬರೆಯಬೇಡಿ ಎಂದೂ ಹೇಳಿದೆವು. ಅವಸರದ ದಾಳಿ ನಡೆದರೆ ಮಕ್ಕಳು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಸಾಗುತ್ತಾರೆ, ಅಷ್ಟೇ.

ದತ್ತಿನ ಆಸೆ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ 2022ರ ದತ್ತು ನಿಯಮಾವಳಿ ಪ್ರಕಾರ ದತ್ತು ಪಡೆಯುವವರಿಗೂ ಮಗುವಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. ಇಲ್ಲಿ ಇರುವುದು 17. ಇದಲ್ಲದೆ ಒಂದು ಸಂಸ್ಥೆಗೆ ಹೋಗಿ ಮೆಚ್ಚಿದ ಮಗುವನ್ನು ಆರಿಸಿಕೊಳ್ಳುವ ದಾರಿ ಭಾರತದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಇದನ್ನು ಕೇಳಿ ಅವರು ತುಂಬಾ ಹೊತ್ತು ಅತ್ತರು. ಆ ದಿನ ಬೇರೇನೂ ಮಾತಾಡಲಿಲ್ಲ.

ಕೊಟ್ಟ ಮಾತಿನ ಬಗ್ಗೆ ನಮ್ಮ ನಿಲುವು ಸ್ಪಷ್ಟ. ಹೇಳದೆ ಕಾಣೆಯಾಗಬಾರದು, ಸುಳ್ಳು ಭರವಸೆಯನ್ನೂ ಮುಂದುವರಿಸಬಾರದು. ಮಗುವಿಗೆ ಸರಳ ಹಿಂದಿಯಲ್ಲಿ ಅರ್ಧ ನಿಮಿಷದ ಸಂದೇಶ: ನಾನು ಬರುತ್ತೇನೆ ಎಂದಿದ್ದೆ, ಬರಲು ಆಗುವುದಿಲ್ಲ, ಅದಕ್ಕೆ ಕಾರಣ ನೀನಲ್ಲ, ನಿನ್ನ ಜೊತೆ ಹಗ್ಗದಾಟ ಆಡಿದ್ದು ನನಗೆ ಇಷ್ಟವಾಗಿತ್ತು. ‘ನಿನ್ನನ್ನು ಎಂದಿಗೂ ಮರೆಯುವುದಿಲ್ಲ’ ಎಂಬ ಸಾಲು ಮೊದಲ ಕರಡಿನಲ್ಲಿತ್ತು. ಮಗು ಅದನ್ನು ‘ಬರುತ್ತಾರೆ’ ಎಂದೇ ಕೇಳಿಸಿಕೊಳ್ಳುತ್ತದೆ ಎಂದು ತೆಗೆಸಿದೆವು. ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ ಮಕ್ಕಳ ಫೋಟೋಗಳನ್ನೂ ಅಳಿಸಿದರು. ನಮ್ಮ ದೇಶದಲ್ಲಿ ಸಂಸ್ಥೆಯ ಮಗುವಿನ ಗುರುತು ಬಹಿರಂಗಪಡಿಸಿದರೆ ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಪರದೇಶದ ಮಗುವಿಗೆ ಇದಕ್ಕಿಂತ ಕಡಿಮೆ ಮರ್ಯಾದೆ ಏಕೆ?

ಪ್ರಮೀಳಾರ ಕೋರಿಕೆಯಂತೆ ಒಂದು ಸಂಜೆ ಫಾದರ್ ಮತ್ತು ಯುವಜನರ ಜೊತೆ ಕುಳಿತೆವು. ಮೊದಲು ಕಾನೂನು ತಿಳಿಸಿದೆವು, ಯಾಕೆಂದರೆ ಇದು ಯಾರಿಗೂ ಗೊತ್ತಿರಲಿಲ್ಲ: ನೇಪಾಳದಲ್ಲಿ ಮತಾಂತರ ಮಾಡಿಸುವುದಷ್ಟೇ ಅಲ್ಲ, ಅದಕ್ಕೆ ಯತ್ನಿಸುವುದೂ ಅಪರಾಧ. ಐದು ವರ್ಷದವರೆಗೆ ಜೈಲು, ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಇಗರ್ಜಿಯ ಹಿಂದಿನ ತಂಡ ಮಕ್ಕಳಿಗೆ ಪ್ರಾರ್ಥನೆ ಕಲಿಸಿ ವಿಡಿಯೋ ಮಾಡಿತ್ತು. ಕಾನೂನು ಬದಿಗಿರಲಿ, ಊಟ ಕೊಡುವವರ ಕೈಯಿಂದ ಬರುವ ಪ್ರಾರ್ಥನೆಗೆ ಬೇಡ ಎನ್ನಲು ಒಂಬತ್ತು ವರ್ಷದ ಮಗುವಿಗೆ ಸ್ವಾತಂತ್ರ್ಯವಿಲ್ಲ.

ಒಬ್ಬ ಯುವಕ ಬೈಬಲ್ಲಿನ ಯಾಕೋಬನ ಪತ್ರದ ಒಂದನೇ ಅಧ್ಯಾಯದ 27ನೇ ವಚನ ಎತ್ತಿದ: ಸಂಕಟದಲ್ಲಿರುವ ಅನಾಥರನ್ನು ನೋಡಿಕೊಳ್ಳುವುದೇ ನಿಜವಾದ ಭಕ್ತಿ ಎಂದು ಅಲ್ಲಿ ಇಲ್ಲವೇ? ಸರಿಯಾದ ಪ್ರಶ್ನೆಯೇ. ಅಲ್ಲಿ ಅನಾಥರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ. ತಾಯಿಯನ್ನು ಬಿಟ್ಟು ಮಗುವನ್ನಷ್ಟೇ ನೋಡಿ ಬರುವ ಪ್ರವಾಸ ಆ ವಚನದ ಅರ್ಧವನ್ನು ಕೈಬಿಡುತ್ತದೆ ಎಂದೆವು. ಫಾದರ್ ತಲೆದೂಗಿದರು, ಆದರೆ ಟಿಕೆಟಿಗೆ ಮುಂಗಡ ಕೊಟ್ಟಿದ್ದ ಇಬ್ಬರು ಮುನಿಸಿಕೊಂಡೇ ಎದ್ದು ಹೋದರು.

ಪ್ರವಾಸಕ್ಕೆ ತಲೆಗೆ ಸುಮಾರು ಐವತ್ತು ಸಾವಿರ ಖರ್ಚು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗು ಸ್ವಂತ ಮನೆಯಲ್ಲೇ ಉಳಿಯಲೆಂದು ಸರಕಾರ ಕೊಡುವ ಪ್ರಾಯೋಜಕತ್ವ ತಿಂಗಳಿಗೆ 4,000, ಅಂದರೆ ವರ್ಷಕ್ಕೆ 48,000. ಗಂಡ ತೀರಿಹೋದ ತಾಯಂದಿರ ಮಕ್ಕಳಿಗೂ ಇದು ಸಿಗುತ್ತದೆ, ಆದಾಯದ ಮಿತಿ ಇದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬಹಳ ಕುಟುಂಬಗಳು ದಾಖಲೆ ಜೋಡಿಸುವಲ್ಲೇ ಸೋಲುತ್ತವೆ: ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆ. ಕಚೇರಿಗೆ ನಾಲ್ಕು ಸಲ ಅಲೆದರೆ ದಿನಗೂಲಿ ಹೋಗುತ್ತದೆ. ಯುವಜನರು ಮಾಡಬಹುದಾದ ಸೇವೆ ಇಲ್ಲೇ ಇದೆ ಎಂದೆವು. ಬಡವರಿಗೆ ನೆರವಾಗುವ ಇಗರ್ಜಿಯ ಸೈಂಟ್ ವಿನ್ಸೆಂಟ್ ಡಿ ಪಾವ್ಲ್ ಸಭೆಯವರಿಗೆ ಕೇರಿಕೇರಿಯಲ್ಲೂ ಮನೆಗಳ ಪರಿಚಯವಿದೆ. ಅವರ ಜೊತೆ ಹೋಗಿ ಒಂದೊಂದು ಕುಟುಂಬದ ಅರ್ಜಿ ಕೈಗೆತ್ತಿಕೊಂಡು, ಮಂಜೂರಾಗುವವರೆಗೆ ಬೆನ್ನು ಹತ್ತುವುದು. ಜಾತಿ ಮತ ಕೇಳಬಾರದು, ಫೋಟೋ ತೆಗೆಯಬಾರದು.

ಪ್ರಮೀಳಾ ಎರಡು ಮನೆಗಳನ್ನು ವಹಿಸಿಕೊಂಡಿದ್ದಾರೆ. ಪಿಎಚ್‌ಕ್ಯೂ-9 ಅಂಕ 5ಕ್ಕೆ ಇಳಿದಿದೆ, ಮಕ್ಕಳ ವಾರ್ಡಿನ ಡ್ಯೂಟಿ ಮತ್ತೆ ಒಪ್ಪಿಕೊಂಡಿದ್ದಾರೆ. ಪರಿಷತ್ತಿನಿಂದ ಪತ್ರ ತಲುಪಿದೆ ಎಂಬ ಉತ್ತರವಷ್ಟೇ ಬಂದಿದೆ. ತಿಂಗಳಿಗೊಮ್ಮೆ ವಿಚಾರಿಸುವ ಇಮೇಲ್ ಹೋಗುತ್ತಿದೆ. ಇಂಥ ಪ್ರವಾಸದಿಂದ ಬಂದವರಲ್ಲಿ ನಿದ್ದೆಗೇಡು, ಅಳು ಎರಡು ವಾರ ಮೀರಿ ಉಳಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.