ಹಳೆ ಅಂಬಾಸಿಡರ್‌ಗೆ ಮೂಲ ಬಣ್ಣ: ಬಾನೆಟ್ ನೋಡಿ ಮ್ಯಾಚ್ ಮಾಡಿಸಬೇಡಿ

1972ರ ಮಾರ್ಕ್ 2 ಅಂಬಾಸಿಡರ್. ಬಾನೆಟ್ ಒಂದು ನೀಲಿ, ಬಾಗಿಲ ಒಳಂಚು ಇನ್ನೊಂದು ನೀಲಿ, ಮಡಿಕೇರಿಯಲ್ಲೇ ಈ ಮಳೆಗಾಲ ಪೇಂಟ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ಎರಡೂ ನೀಲಿ ನಂಬಬೇಡಿ. ಬಾನೆಟ್ ಬಿಸಿಲಿಗೆ ಮಾಸಿರುತ್ತದೆ, ಒಳಂಚಿಗೆ ಮರುಪೇಂಟ್ ತಾಗಿರಬಹುದು. ಹಿಂದಿನ ಲ್ಯಾಂಪ್ ಬಿಚ್ಚಿ, ರಬ್ಬರ್ ಗ್ಯಾಸ್ಕೆಟ್ ಕೂತಿದ್ದ ಜಾಗ ನೋಡಿ.

ಅಲ್ಲಿ 1000 ನಂಬರಿನ ವಾಟರ್ ಪೇಪರ್ (ಒದ್ದೆಯಾಗಿ ಉಜ್ಜುವ ನಯವಾದ ಉಪ್ಪುಕಾಗದ) ನೆನೆಸಿ ನಾಣ್ಯದಗಲ ಹಗುರಾಗಿ ಉಜ್ಜಿದರೆ ಒಂದೊಂದು ಕೋಟೂ ಬಳೆಯಂತೆ ಬಿಡಿಸಿಕೊಳ್ಳುತ್ತದೆ. ತೀರಾ ಕೆಳಗಿನ ಪ್ರೈಮರ್‌ಗೆ ಅಂಟಿದ ನೀಲಿಯೇ ಮೂಲದ್ದು (ಹಿಂದೆ ಯಾರೂ ತಗಡಿನವರೆಗೆ ಕೆರೆದಿಲ್ಲದಿದ್ದರೆ). ಆ ಪದರ ಸಿಕ್ಕ ಮೇಲೆ 2000 ನಂಬರ್, ನಂತರ ರಬ್ಬಿಂಗ್ ಕಾಂಪೌಂಡ್ (ಹೊಳಪು ಬರಿಸುವ ಪೇಸ್ಟ್) ಹಾಕಿ ಉಜ್ಜಿ. ಹೊಳಪಿಲ್ಲದ ಮೇಲ್ಮೈ ಬಣ್ಣವನ್ನು ಇರುವುದಕ್ಕಿಂತ ಪೇಲವವಾಗಿ ತೋರಿಸುತ್ತದೆ. ಪೇಂಟ್ ಅಂಗಡಿಯ ಸ್ಕ್ಯಾನರ್ (ಬಣ್ಣ ಅಳೆಯುವ ಯಂತ್ರ) ಆ ಜಾಗ ನೋಡಿ ಕೊಡುವ ಫಾರ್ಮುಲಾ ಬರೀ ಆರಂಭ. ಕಾರಿಗೆ ಹೊಡೆಯಲಿರುವ ಪ್ರೈಮರನ್ನೇ ಹೊಡೆದ ತಗಡಿನ ತುಂಡಿಗೆ ಸ್ಪ್ರೇ ಮಾಡಿಸಿ, ಪೂರ್ತಿ ಒಣಗಿದ ಮೇಲೆ ಬಿಸಿಲಲ್ಲೂ ನೆರಳಲ್ಲೂ ಟ್ಯೂಬ್‌ಲೈಟಲ್ಲೂ ಪಕ್ಕದಲ್ಲಿಟ್ಟು ನೋಡಿ. ಒಂದು ಬೆಳಕಲ್ಲಿ ಹೊಂದಿ ಇನ್ನೊಂದರಲ್ಲಿ ಕೈಕೊಡುತ್ತಿದ್ದರೆ ಪಿಗ್ಮೆಂಟೇ (ಬಣ್ಣ ಕೊಡುವ ಪುಡಿ) ಬೇರೆ. ಬಿಳಿ, ಕಪ್ಪು ಸೇರಿಸಿ ಸರಿಮಾಡಲಾಗದು.

ಥಿನ್ನರ್ ಬಟ್ಟೆಯಿಂದ ಒರೆಸಿದಾಗ ಹಳೆ ಬಣ್ಣ ಕರಗಿ ಬಂದರೆ ಅದು ಎನ್‌ಸಿ (ನೈಟ್ರೋಸೆಲ್ಯುಲೋಸ್, ಥಿನ್ನರ್ ಆರಿ ಗಟ್ಟಿಯಾಗುವ ಹಳೆ ಬಗೆಯ ಪೇಂಟ್) ಇರಬೇಕು. ಅದರ ಮೇಲೆ ನೇರವಾಗಿ ಪಿಯು (ಪಾಲಿಯುರೆಥೇನ್ ಪೇಂಟ್) ಹೊಡೆದರೆ ಸುಕ್ಕುಗಟ್ಟುವ ಅಪಾಯವಿದೆ, ಕೆರೆಸಿಬಿಡುವುದೇ ಕ್ಷೇಮ.

ಮಡಿಕೇರಿ ಮಳೆಯಲ್ಲಿ ಎನ್‌ಸಿ ಕೆಲಸ ಬೇಡವೇ ಬೇಡ. ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ರಿಟಾರ್ಡರ್ (ನಿಧಾನವಾಗಿ ಆರುವ ಥಿನ್ನರ್) ಹಾಕಿದರೂ ಆ ತೇವಕ್ಕೆ ಭರವಸೆಯಿಲ್ಲ. ಸ್ಯಾಂಪಲ್ ಈಗಲೇ ಒಪ್ಪಿಸಿಟ್ಟುಕೊಳ್ಳಿ, ಗನ್ ಹಿಡಿಯುವುದು ಜನವರಿಗೆ.